ಗೋಲಿನ ಮುಂದೆ ನಿಂತವರು

ಗೆಳೆಯರೇ, ನಮ್ಮ ಮುಕ್ಕುಂದದಲ್ಲಿ ಕಬಡ್ಡಿ, ಕ್ರಿಕೆಟ್ ಆಡೋರು ಬಹಳ ಮಂದಿ. ಫುಟ್ಬಾಲ್ ಆಡೋದು ಅಪರೂಪ, ಅದೂ ನೆಲ್ಲು ಕೊಯ್ದ ಮೇಲೆ ಖಾಲಿ ಗದ್ದೆಯಲ್ಲಿ. ಆಗ "ನೀನು ಗೋಲಿ ಆಗಲೇ" ಅಂದರೆ ಎಲ್ಲರೂ ಒಲ್ಲೆ ಅಂತಾರೆ. ನಾನು ಮಾತ್ರ ಖುಷಿಯಿಂದ ನಿಲ್ಲುತ್ತೇನೆ. ಅದಕ್ಕೇ ನಮ್ಮ ನಾಡಿನ ಒಬ್ಬ ಗೋಲ್‌ಕೀಪರ್ ಬಗ್ಗೆ ಬರೆಯಬೇಕು ಅನಿಸಿತು. ಅವರ ಹೆಸರು ಕೆಂಚಪ್ಪ ವರದರಾಜ್.

ಫುಟ್ಬಾಲ್‌ನಲ್ಲಿ ಬಾಲನ್ನು ಕೈಯಿಂದ ಹಿಡಿಯುವ ಹಕ್ಕು ಗೋಲಿಗೆ ಮಾತ್ರ ಇದೆ. ಮೊದಲು ಅವನು ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಬಾಲ್ ಮುಟ್ಟಬಹುದಿತ್ತು. ವೇಲ್ಸ್ ದೇಶದ ರೂಸ್ ಎಂಬ ಗೋಲಿ ಬಾಲನ್ನು ನೆಲಕ್ಕೆ ಪುಟಿಸುತ್ತಾ ನಡುಗೆರೆಯ ತನಕ ಓಡುತ್ತಿದ್ದನಂತೆ! 1912ರಲ್ಲಿ ನಿಯಮ ಬದಲಾಯಿತು. ಗೋಲಿನ ಮುಂದಿನ ಪೆನಾಲ್ಟಿ ಚೌಕದೊಳಗೆ ಮಾತ್ರ ಕೈ ಹಚ್ಚಬೇಕು ಅಂತ ಆಯಿತು. ವರದರಾಜ್ ಅವರು ಆಡಿದ್ದು ಈ ನಿಯಮ ಬಂದ ಮೇಲೆ.

ಅವರು ಆಗಿನ ಮೈಸೂರು ರಾಜ್ಯದ ಆಟಗಾರರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಭಾರತ ಮೊದಲ ಸಲ ಫುಟ್ಬಾಲ್ ತಂಡ ಕಳಿಸಿತು. ಬೆಂಗಳೂರಿನ ರಾಮನ್, ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು, ಫ್ರಾನ್ಸಿನವರ ಕಾಲಲ್ಲಿ ಬೂಟು. ಗೋಲು ಕಾಯಲು ನಿಂತವರು ವರದರಾಜ್.

ಫ್ರಾನ್ಸ್ ಮೊದಲು ಒಂದು ಗೋಲು ಹೊಡೆಯಿತು. ರಾಮನ್ ಅದನ್ನು ಸಮ ಮಾಡಿದರು. ನಮಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಗೋಲಾಗಲಿಲ್ಲ. ಆಟ ಮುಗಿಯಲು ಒಂದೇ ನಿಮಿಷ ಇದ್ದಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತ ತಂಡ ಹೊರಗೆ. ಒಂದೇ ಪಂದ್ಯಕ್ಕೆ ನಮ್ಮವರ ಒಲಿಂಪಿಕ್ಸ್ ಮುಗಿಯಿತು.

ಇನ್ನೊಂದು ಮಾತು. ಅವತ್ತು ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷವಾಗುತ್ತಾ ಬಂದಿತ್ತು. ಆದರೆ ನಮ್ಮ ರಾಯಚೂರು ಜಿಲ್ಲೆ ಇನ್ನೂ ನಿಜಾಮನ ಕೈಯಲ್ಲಿತ್ತು. ನಮಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಮೈಸೂರಿನವರು, ನಾವು ಒಂದೇ ರಾಜ್ಯದವರಾದದ್ದು 1956ರ ನವೆಂಬರ್ 1ರಂದು. ವರದರಾಜ್ ಅವರು ಗೋಲಿನ ಮುಂದೆ ನಿಂತಾಗ ನಾವು ಬೇರೆ ರಾಜ್ಯದವರು. ಈಗ ಅವರು ನಮ್ಮವರೇ.

ಈ ಪಂದ್ಯದ ಕಥೆ ಹೇಳೋರು ಬರಿಗಾಲಿನ ಬಗ್ಗೆ ಹೇಳುತ್ತಾರೆ, ತಪ್ಪಿದ ಪೆನಾಲ್ಟಿ ಬಗ್ಗೆ ಹೇಳುತ್ತಾರೆ. ಗೋಲಿಯ ಹೆಸರು ಹೇಳುವವರು ಕಡಿಮೆ. ಬಾಲ್ ಒಳಗೆ ಹೋದರೆ ಲೆಕ್ಕ ಬರೆಯುತ್ತಾರೆ. ತಡೆದದ್ದಕ್ಕೆ ಲೆಕ್ಕವೇ ಇಲ್ಲ. ಮನೆಯಲ್ಲಿ ಅವ್ವ ಮಾಡುವ ಕೆಲಸವೂ ಹಾಗೇ ಅಲ್ಲವೇ? ಒಂದು ದಿನ ಸಾರಿಗೆ ಉಪ್ಪು ಹೆಚ್ಚಾದರೆ ಎಲ್ಲರಿಗೂ ಗೊತ್ತಾಗುತ್ತದೆ, ಉಳಿದ ದಿನ ಯಾರೂ ಏನೂ ಅನ್ನುವುದಿಲ್ಲ.

ಫ್ರಾನ್ಸ್‌ನಂಥ ತಂಡವನ್ನು 89 ನಿಮಿಷದ ತನಕ ಸಮಬಲದಲ್ಲಿ ನಿಲ್ಲಿಸುವುದು ಗೋಲು ಹೊಡೆದವರಿಂದ ಮಾತ್ರ ಆಗುವುದಿಲ್ಲ. ಆದ್ದರಿಂದ ಗೆಳೆಯರೇ, ರಾಮನ್ ಹೆಸರಿನ ಜೊತೆಗೆ ವರದರಾಜ್ ಹೆಸರನ್ನೂ ನೆನಪಿಡಿ.

– 7ನೇ ತರಗತಿ ವಿದ್ಯಾರ್ಥಿ