ರಂಗಪ್ಪ ಮಾಸ್ತರರ ಮುಪ್ಪು

ನಮ್ಮ ಮೆಳವಂಕಿಯ ಕಡೆ ಶಿಕ್ಷಕರೆಂದರೆ ‘ಮಾಸ್ತರ’. ಆದುದರಿಂದಲೋ ಏನೋ, ‘ಸ್ಕೂಲ್ ಮಾಸ್ಟರ್’ ಚಿತ್ರ ನನಗೆ ನೆರೆಮನೆಯ ಕಥೆಯಂತೆಯೇ ಕಾಣುತ್ತದೆ. 1958ರಲ್ಲಿ ತೆರೆಕಂಡ ಈ ಚಿತ್ರವನ್ನು ನಿರ್ದೇಶಿಸಿದ ಬಿ. ಆರ್. ಪಂತುಲು ಅವರೇ ರಂಗಪ್ಪ ಮಾಸ್ತರರಾಗಿದ್ದಾರೆ; ಮಡದಿಯಾಗಿ ಎಂ. ವಿ. ರಾಜಮ್ಮ. ನೀವೆಲ್ಲ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಹಾಡುತ್ತಿದ್ದ ಸೋಸಲೆ ಅಯ್ಯಾಶಾಸ್ತ್ರಿಗಳ ಪ್ರಾರ್ಥನೆಯೂ ಇದರಲ್ಲಿದೆ.

ಹಳ್ಳಿಯ ಹಾಳುಬಿದ್ದ ಶಾಲೆಯನ್ನು ಎತ್ತಿ ನಿಲ್ಲಿಸುವ, ಹಾದಿ ತಪ್ಪಿದ ಹುಡುಗನನ್ನು ತಿದ್ದುವ ಮೊದಲ ಭಾಗವೇ ನನಗೆ ಪ್ರಿಯ. ಜನರು ಕಣ್ಣೀರಿಟ್ಟದ್ದು ಮಾತ್ರ ಎರಡನೆಯ ಭಾಗಕ್ಕೆ. ನಿವೃತ್ತರಾದ ತಂದೆ ಒಬ್ಬ ಮಗನ ಮನೆಗೆ, ತಾಯಿ ಇನ್ನೊಬ್ಬನ ಮನೆಗೆ ಹಂಚಿಹೋಗುತ್ತಾರೆ. ಕಡೆಗೆ ಕೈಹಿಡಿಯುವವನು ಪೊಲೀಸ್ ಅಧಿಕಾರಿಯಾದ ಹಳೆಯ ವಿದ್ಯಾರ್ಥಿ. ಆ ಪಾತ್ರದಲ್ಲಿ ಶಿವಾಜಿ ಗಣೇಶನ್.

ಈ ಮುಕ್ತಾಯವೊಂದು ನನಗೆ ಒಗ್ಗದು. ಆ ವಿದ್ಯಾರ್ಥಿ ಬಾರದೇ ಹೋಗಿದ್ದರೆ? ನಲವತ್ತು ಮಕ್ಕಳಿಗೆ ಅಕ್ಷರ ಕಲಿಸುವಾಗ, ಇವರಲ್ಲಿ ನಾಳೆ ನನ್ನನ್ನು ಸಾಕುವವನಾರೆಂದು ಯಾವ ಮಾಸ್ತರನೂ ಹುಡುಕಬಾರದು. ಅವನ ಮುಪ್ಪಿನ ಹೊಣೆ ದುಡಿಸಿಕೊಂಡ ಸರಕಾರದ್ದು.

ನನ್ನ ಪಿಂಚಣಿ ಪ್ರತಿ ತಿಂಗಳೂ ಬ್ಯಾಂಕಿಗೆ ಬಂದು ಬೀಳುತ್ತದೆ. ಆದರೆ ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸರಕಾರಿ ನೌಕರಿಗೆ ಸೇರಿದವರಿಗೆ ನಿಶ್ಚಿತ ಪಿಂಚಣಿಯ ಬದಲು ವಂತಿಗೆಯ ಹೊಸ ಯೋಜನೆ ಬಂದಿತು. ಸಂಬಳದಿಂದ ಕಡಿತವಾದ ಹಣ ಪೇಟೆಯ ಏರಿಳಿತಕ್ಕೆ ಸೇರಿತು. ನಿಮ್ಮಲ್ಲಿಯೂ ಆ ಬಳಿಕ ಮಾಸ್ತರರಾದವರು ಕೆಲವರಿದ್ದೀರಿ. ಯುಗಾದಿಗೆ ಊರಿಗೆ ಬಂದಿದ್ದ ಒಬ್ಬರು ನಮ್ಮ ಕಟ್ಟೆಯ ಮೇಲೆ ಕುಳಿತು, ನಿವೃತ್ತಿಯ ನಂತರ ಕೈಗೆ ಬರುವುದೆಷ್ಟೆಂದು ಲೆಕ್ಕ ಹಾಕುತ್ತಿದ್ದರು. ಅವರಿಗೆ ಗಣಿತ ಕಲಿಸಿದವನು ನಾನೇ. ಎರಡು ಸಲ ಕೂಡಿಸಿದರೂ ಆ ಲೆಕ್ಕ ನಮ್ಮಿಬ್ಬರಿಗೂ ಹತ್ತಲಿಲ್ಲ.