ಕೆಂಪು ದೀಪದಲ್ಲಿ ಕಂಡವರು

ತಂದೆಯವರ ಆಗ್ಫಾ ಕ್ಲಿಕ್ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಬಂದ ಮೇಲೆ ಮುಂಬಯಿಯಲ್ಲಿ ನಮ್ಮಿಬ್ಬರ ನಡಿಗೆ ನಿಧಾನವಾಯಿತು. ಒಂದು ರೋಲಿಗೆ 12 ಚಿತ್ರಗಳು ಮಾತ್ರ, ಕಂಡದ್ದನ್ನೆಲ್ಲ ತೆಗೆಯುವಂತಿಲ್ಲ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಪರೇಲಿನಲ್ಲಿ ಉಳಿದುಕೊಂಡಿದ್ದ ಕಾರ್ಮಿಕರ ಚಾಳೊಂದನ್ನು ಕೆಡವುತ್ತಾರೆಂದು ತಿಳಿದು ಅಲ್ಲಿಗೆ ಹೋದೆವು. ಎಲ್ಲರೂ ತೆರವು ಮಾಡಿದ್ದಾರೆಂದೇ ಭಾವಿಸಿ, ಕೊನೆಯ ಚಿತ್ರವನ್ನು ಆ ಖಾಲಿ ಕಟ್ಟಡಕ್ಕೆ ಮೀಸಲಿಟ್ಟೆವು.

ವಾರದ ಬಳಿಕ ಒಂದು ರಾತ್ರಿ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಮುಚ್ಚಿ ಕೆಂಪು ದೀಪ ಹಚ್ಚಿದೆವು. ಎನ್‌ಲಾರ್ಜರಿನ ಬೆಳಕುಂಡ ಕಾಗದವನ್ನು ಡೆವಲಪರಿನಲ್ಲಿ ಮುಳುಗಿಸಿ, ತಟ್ಟೆಯನ್ನು ಮೆಲ್ಲಗೆ ತೂಗುತ್ತ ಕಾದೆವು. ಮೊದಲು ಕಪ್ಪು ಮೂಡಿತು: ಮೆಟ್ಟಿಲು, ಕಂಬಿ, ಕಿಟಕಿ. ಬಳಿಕ ನಸುಬೂದಿಯಲ್ಲಿ, ಮೂರನೆಯ ಮಹಡಿಯ ಕಂಬಿಯ ಹಿಂದೆ, ಸೀರೆ ಒಣಹಾಕುತ್ತಿದ್ದ ಅಜ್ಜಿಯೊಬ್ಬರು. ಅವರು ನಮ್ಮತ್ತಲೇ ನೋಡುತ್ತಿದ್ದರು.

ಎದುರಿಗೆ ನಿಂತಾಗ ನಾವು ಅವರನ್ನು ಕಂಡೇ ಇರಲಿಲ್ಲ.

ಪ್ರತಿಯೊಂದನ್ನು ಒಣಗಿಸಿಕೊಂಡು ಪರೇಲಿಗೆ ಓಡಿದೆವು. ತಗಡಿನ ಬೇಲಿಯಾಚೆ ಇಟ್ಟಿಗೆಯ ರಾಶಿ. ಮೂಲೆಯ ಚಹದಂಗಡಿಯವನು ಚಿತ್ರವನ್ನು ನೋಡಿ, ಮುಖ ಗುರುತಿಸಿದ. ಎಲ್ಲಿ ಹೋದರೋ ತಿಳಿಯದೆಂದ.

ಆ ಪ್ರತಿ ಇನ್ನೂ ನಮ್ಮಲ್ಲೇ ಇದೆ. ಈಗ ಯಾವ ಹಳೆಯ ಕಟ್ಟಡದ ಮುಂದೆ ನಿಂತರೂ, ಕ್ಯಾಮೆರಾ ಎತ್ತುವ ಮೊದಲು ಒಮ್ಮೆ ಕೂಗುತ್ತೇವೆ: ಒಳಗೆ ಯಾರಿದ್ದೀರಿ?