ಹೂ ಕೊಯ್ದು ಗೆಡ್ಡೆ ಉಳಿಸುವ ಊರಿನಲ್ಲಿ

ನೆದರ್ಲೆಂಡ್ಸ್‌ನಲ್ಲಿ ವಸಂತ ಮೊದಲು ಬರುವುದು ಗಡಿಯಾರಕ್ಕೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ನಸುಕಿನ ಎರಡಕ್ಕೆ ದೇಶದ ಗಡಿಯಾರಗಳೆಲ್ಲ ಒಮ್ಮೆಲೇ ಮೂರಕ್ಕೆ ಜಿಗಿಯುತ್ತವೆ. ಭಾರತಕ್ಕೂ ನಮಗೂ ಇದ್ದ ನಾಲ್ಕೂವರೆ ತಾಸಿನ ಅಂತರ ಮೂರೂವರೆಗೆ ಇಳಿಯುತ್ತದೆ. ಧಾರವಾಡದಲ್ಲಿರುವ ಅಮ್ಮನಿಗೆ ಇದೊಂದು ಸೋಜಿಗ. "ಒಂದ್ ತಾಸು ಹತ್ರ ಬಂದಿ ನೋಡವಾ" ಎಂದು ಫೋನಿನಲ್ಲಿ ನಗುತ್ತಾಳೆ.

ನಾವಿಬ್ಬರು ಲೈಡನ್ ಊರಿಗೆ ಬಂದದ್ದು ಅಕ್ಟೋಬರಿನಲ್ಲಿ. ನಮ್ಮವರಿಗೆ ಕಂಪನಿಯ ಕೆಲಸ. ನಾನು ಹನ್ನೊಂದು ವರ್ಷ ಪಾಠ ಹೇಳಿದ ಶಾಲೆಗೆ ರಾಜೀನಾಮೆ ಕೊಟ್ಟು ಬಂದಿದ್ದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆಯಾದರೂ ಬೆಳಕಿಲ್ಲ, ಸಂಜೆ ನಾಲ್ಕೂವರೆಗೇ ಕತ್ತಲು. ಮಕ್ಕಳ ಗದ್ದಲದಲ್ಲೇ ಬದುಕಿದವಳಿಗೆ ಆ ಮೌನ ತಡೆಯಲಾಗುತ್ತಿರಲಿಲ್ಲ. ಅವರು ಆಫೀಸಿನಿಂದ ಬಂದು "ಏನಾದರೂ ಹೇಳು" ಎನ್ನುವರು. ಹೇಳಲು ನನ್ನಲ್ಲಿ ಏನೂ ಇರುತ್ತಿರಲಿಲ್ಲ. ಇದಕ್ಕಿಂತ ಜಗಳವಾಡಿದ್ದರೂ ಚೆನ್ನಾಗಿತ್ತು. ಫೆಬ್ರವರಿಯ ಒಂದು ರಾತ್ರಿ ಅವರೇ ಹೇಳಿದರು: "ಬೇಸಿಗೆಯವರೆಗೆ ನೋಡೋಣ. ನಿನಗೆ ಆಗದಿದ್ದರೆ ಇಬ್ಬರೂ ವಾಪಸ್ ಹೋಗೋಣ."

ಆ ವಾರವೇ ಎರಡು ಹಳೆಯ ಸೈಕಲ್ ಕೊಂಡೆವು. ಜನರಿಗಿಂತ ಸೈಕಲ್‌ಗಳೇ ಹೆಚ್ಚಿರುವ ದೇಶವಿದು. ಕಾಲೇಜು ಬಿಟ್ಟ ಮೇಲೆ ಪೆಡಲ್ ಮುಟ್ಟದ ನನ್ನನ್ನು ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ಗಂಟೆ ಬಾರಿಸಿ ಹಿಂದೆ ಹಾಕಿ ಹೋದಾಗ ನಮ್ಮವರು ನಕ್ಕ ನಗು, ಆ ಚಳಿಗಾಲದ ಮೊದಲ ನಗು.

ಯುಗಾದಿಗೆ ಬೇವು ಸಿಗಲಿಲ್ಲ. ಮೆಂತ್ಯೆ ಹುರಿದು ಬೆಲ್ಲದ ಜೊತೆ ಕೊಟ್ಟೆ. "ಕಹಿ ಕಹಿಯೇ" ಎಂದು ಅವರು ಕಣ್ಣುಮುಚ್ಚಿ ನುಂಗಿದರು.

ಏಪ್ರಿಲ್ ನಡುವಿನಲ್ಲಿ ಲಿಸ್ಸೆಯ ಕೊಯ್ಕೆನ್‌ಹೋಫ್ ತೋಟಕ್ಕೆ ಹೋದೆವು. ಹೆಸರಿನ ಅರ್ಥ ಅಡುಗೆಮನೆಯ ತೋಟ, ನಮ್ಮ ಹಿತ್ತಲಿನ ಹಾಗೆ. ಈ ಹಿತ್ತಲು ಮಾತ್ರ 32 ಹೆಕ್ಟೇರ್! ಪ್ರತಿ ಶರತ್ಕಾಲದಲ್ಲಿ ಸುಮಾರು 70 ಲಕ್ಷ ಗೆಡ್ಡೆಗಳನ್ನು ಕೈಯಿಂದಲೇ ನೆಡುತ್ತಾರೆ. ತೋಟ ತೆರೆದಿರುವುದು ಎರಡೇ ತಿಂಗಳು. ಟ್ಯುಲಿಪ್ ಈ ಮಣ್ಣಿನ ಮಗಳೂ ಅಲ್ಲ. ಮಧ್ಯ ಏಷ್ಯಾದ ಗುಡ್ಡಗಳಿಂದ ತುರ್ಕಿಯ ಮೂಲಕ ಯುರೋಪಿಗೆ ಬಂದ ಹೂವು. ನಮ್ಮ ಲೈಡನ್ನಿನ ಸಸ್ಯೋದ್ಯಾನದಲ್ಲಿ ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ ನೆಟ್ಟ ಗೆಡ್ಡೆಗಳು 1594ರಲ್ಲಿ ಅರಳಿದವು. ಚಳಿಗಾಲದ ತಣ್ಣನೆಯ ವಾರಗಳನ್ನು ಮಣ್ಣಿನೊಳಗೆ ಕಳೆಯದಿದ್ದರೆ ಇದು ಸರಿಯಾಗಿ ಅರಳುವುದಿಲ್ಲವಂತೆ. ಅದನ್ನು ಓದುತ್ತಿದ್ದಾಗ ಬಿಸಿಲು ಹೋಗಿ ಆಲಿಕಲ್ಲು ಬಿತ್ತು. ಏಪ್ರಿಲ್ ತನಗೆ ಬೇಕಾದ್ದೇ ಮಾಡುತ್ತದೆ ಎಂಬುದು ಇಲ್ಲಿನ ಗಾದೆ. ಮರದಡಿ ನಿಂತು ಡಬ್ಬಿಯ ಚಿತ್ರಾನ್ನ ತಿಂದೆವು.

ಏಪ್ರಿಲ್ 27 ಇಲ್ಲಿನ ರಾಜನ ಹುಟ್ಟುಹಬ್ಬ. ಊರಿಗೆ ಊರೇ ಕಿತ್ತಳೆ ಬಣ್ಣ. ಅಂದು ಮಕ್ಕಳು ಬೀದಿಯಲ್ಲಿ ಕಂಬಳಿ ಹಾಸಿ ಹಳೆಯ ಆಟಿಕೆ, ಪುಸ್ತಕ ಮಾರುತ್ತಾರೆ. ಪಕ್ಕದ ಮನೆಯಾಕೆ "ನೀನೂ ಬಾ" ಎಂದರು. ನನ್ನಲ್ಲಿ ಮಾರಲು ಏನಿದೆ? ಮದುವೆಗೆಂದು ತಂದು ಉಳಿದ ಮೆಹಂದಿ ಕೋನುಗಳಿದ್ದವು! ಒಂದು ಕೈಗೆ ಒಂದು ಯೂರೋ ಎಂದು ಬರೆದು ಕೂತೆ. ಹಿಡಿದ ಕೈ ಅಲುಗಾಡದಂತೆ ಮಕ್ಕಳನ್ನು ಮಾತಾಡಿಸಬೇಕಲ್ಲ. ನನಗೆ ಬರುತ್ತಿದ್ದ ನಲವತ್ತು ಡಚ್ ಪದಗಳನ್ನೆಲ್ಲ ಖರ್ಚು ಮಾಡಿದೆ. ಒಬ್ಬ ಹುಡುಗಿ ನನ್ನ ಉಚ್ಚಾರಣೆ ತಿದ್ದಿದಳು. ನಾನು ಅವಳಿಗೆ "ನವಿಲು" ಎನ್ನಲು ಕಲಿಸಿದೆ. ಸಂಜೆ ಎಣಿಸಿದರೆ 23 ಯೂರೋ. ಏಳು ತಿಂಗಳಲ್ಲಿ ನನ್ನ ಮೊದಲ ಸಂಪಾದನೆ. ಅದರಲ್ಲಿ ಡಚ್ ವ್ಯಾಕರಣದ ಪುಸ್ತಕ ಕೊಂಡೆ, ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ನಡೆಯುವ ಭಾಷಾ ಕೂಟಕ್ಕೆ ಹೋಗತೊಡಗಿದೆ.

ಮೇ ಮೊದಲ ವಾರ ಮತ್ತೆ ಲಿಸ್ಸೆಯ ಕಡೆ ಸೈಕಲ್ ತುಳಿದಾಗ ಹೊಲಗಳಲ್ಲಿ ಯಂತ್ರಗಳು ಓಡಾಡುತ್ತಿದ್ದವು. ಅರಳಿದ ಹೂಗಳ ತಲೆಗಳೆಲ್ಲ ಕತ್ತರಿಸಿ ಸಾಲಿನ ನಡುವೆ ಬಿದ್ದಿದ್ದವು. ನನಗೆ ಕರುಳು ಚುರ್ರೆಂದಿತು. ಬದಿಯಲ್ಲಿ ನಿಂತಿದ್ದ ರೈತರೊಬ್ಬರು ಇಂಗ್ಲಿಷಿನಲ್ಲಿ ವಿವರಿಸಿದರು: ಹೂ ಬಿಟ್ಟರೆ ಗಿಡದ ಶಕ್ತಿ ಬೀಜಕ್ಕೆ ಹೋಗುತ್ತದೆ, ಕೊಯ್ದು ಎಲೆ ಉಳಿಸಿದರೆ ಗೆಡ್ಡೆ ದಪ್ಪವಾಗುತ್ತದೆ, ಬೇಸಿಗೆಯಲ್ಲಿ ಅಗೆದು ಮಾರುತ್ತಾರೆ. ಅವರಿಗೆ ಹೂವು ಬೆಳೆಯಲ್ಲ, ಗೆಡ್ಡೆಯೇ ಬೆಳೆ.

ಮರಳುವಾಗ ನಮ್ಮವರು, "ನಿನ್ನ ಶಾಲೆ ಬಿಡಿಸಿದ್ದು ನಾನಲ್ಲವೇ" ಎಂದರು. ಆರು ತಿಂಗಳು ಇಬ್ಬರೂ ಮುಟ್ಟದೆ ಬಿಟ್ಟಿದ್ದ ಮಾತು. "ಶಾಲೆ ಬಿಟ್ಟೆ. ಪಾಠ ಹೇಳುವುದನ್ನು ಬಿಟ್ಟಿಲ್ಲ" ಎಂದೆ. ಹಾಗೆಂದು ಎಲ್ಲ ಸರಿಹೋಯಿತೆಂದಲ್ಲ. ಇಲ್ಲಿ ಶಿಕ್ಷಕಿಯಾಗಲು ಭಾಷೆ ಬೇಕು, ಅರ್ಹತಾಪತ್ರ ಬೇಕು, ವರ್ಷಗಳು ಬೇಕು.

ಈಗ ಬೇಸಿಗೆ ಬಂದಿದೆ. ರಾತ್ರಿ ಹತ್ತಾದರೂ ಆಕಾಶದಲ್ಲಿ ಬೆಳಕಿದೆ. ವಾಪಸ್ ಹೋಗುವುದೋ ಇರುವುದೋ ಎಂಬ ಮಾತನ್ನು ಬಾಲ್ಕನಿಯಲ್ಲಿ ಕೂತು ದಿನವೂ ಆಡುತ್ತೇವೆ. ಇನ್ನೂ ತೀರ್ಮಾನವಾಗಿಲ್ಲ. ಆದರೆ ಊಟ ಮುಗಿದ ಮೇಲೂ ತಟ್ಟೆ ಎತ್ತದೆ ಒಣಗಿದ ಕೈಯಲ್ಲಿ ಇಬ್ಬರೂ ಮಾತಾಡುತ್ತಲೇ ಇರುತ್ತೇವೆ.